ಪದಚರ್ಚೆ: ‘ರೆಕಾರ್ಡ್ ಆಫ್ ದಿ ಇಯರ್’, ‘ಸಾಂಗ್ ಆಫ್ ದಿ ಇಯರ್’ ಎರಡೂ ‘ವರ್ಷದ ಹಾಡು’ ಆದ್ರೆ ಹೇಗೆ?

ಶಿರಸಿಯಿಂದ:
ಎಲ್ಲರಿಗೂ ನಮಸ್ಕಾರ, ಸ್ವಲ್ಪ ಅರ್ಜೆಂಟು. ಇಲ್ಲಿ ನಾವು ಕೆಲವರು ಸೇರಿ ಹಾಡು ಕೇಳೋ ಕಾರ್ಯಕ್ರಮ ಇಟ್ಕೊಂಡಿದ್ದೇವೆ, ಈ ಸಲ ಅಮೆರಿಕದ ಗಾಯಕಿ ನೋರಾ ಜೋನ್ಸ್ ಹಾಡಿದ ‘ಡೋಂಟ್ ನೋ ವೈ’, ಅದರ ಬಗ್ಗೆ ಒಂದು ಕರಪತ್ರ ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಕೊಡ್ಬೇಕು. ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಇದೆಯಲ್ಲ, 2003ರಲ್ಲಿ ಅದರಲ್ಲಿ ಈ ಒಂದೇ ಹಾಡಿಗೆ ಎರಡು ದೊಡ್ಡ ಪ್ರಶಸ್ತಿ ಬಂತು. ‘ರೆಕಾರ್ಡ್ ಆಫ್ ದಿ ಇಯರ್’ ಹೋಗಿದ್ದು ನೋರಾಗೆ, ಆರಿಫ್ ಮರ್ದಿನ್ ಇದ್ದ ನಿರ್ಮಾಣ ತಂಡಕ್ಕೆ. ‘ಸಾಂಗ್ ಆಫ್ ದಿ ಇಯರ್’ ಹೋಗಿದ್ದು ಹಾಡು ಬರೆದ ಜೆಸ್ಸಿ ಹ್ಯಾರಿಸ್‌ಗೆ. ಕನ್ನಡದಲ್ಲಿ ಎರಡಕ್ಕೂ ‘ವರ್ಷದ ಹಾಡು’ ಅಂತ ಬರೆದ್ರೆ ಹ್ಯಾರಿಸ್ ಕಳೆದೇ ಹೋಗ್ತಾನೆ. ‘ಸಿಂಗಲ್’ಗೂ ಒಂದು ಪದ ಹೇಳಿ.

ಕುಮಟಾದಿಂದ:
ಸಿಂಗಲ್ ಅಂದ್ರೆ ಬಿಡಿಹಾಡು. ಮುಗೀತು. ಬಿಡು ಅನ್ನೋ ಧಾತುವಿಂದಲೇ ಬಿಡಿ, ಬಿಡುಗಡೆ ಎರಡೂ ಹುಟ್ಟಿದ್ದು, ಆಲ್ಬಮ್ಮಿನ ಮೊದಲ ಹಾಡನ್ನೇ ಬಿಡಿಸಿ ಬೇರೆಯಾಗಿ ಬಿಟ್ಟಿದ್ದಾರೆ, ಅರ್ಥಾನೂ ಕೂಡ್ತದೆ ಧಾತುನೂ ಕೂಡ್ತದೆ. ರೆಕಾರ್ಡಿಗೆ ದನಿಯಚ್ಚು ಅನ್ನಿ. ಧ್ವನಿಮುದ್ರಿಕೆ ಅಂತ ದಯವಿಟ್ಟು ಬೇಡ, ಎರಡು ಸಂಸ್ಕೃತ ಪದ ಜೋಡಿಸಿದ ಕೂಡಲೇ ಕನ್ನಡ ಆಗೋದಿಲ್ಲ.

ಕಾರವಾರದಿಂದ:
‘ದನಿ’ ಎಲ್ಲಿಂದ ಬಂತು ಸರ್? ಅದೂ ಧ್ವನಿಯೇ. ರೆಕಾರ್ಡ್ ಅಂತ್ಲೇ ಇರ್ಲಿ. ಗೋವಾದ ಕ್ರಿಸ್ ಪೆರಿ, ಲೋರ್ನಾ ಸೇರಿ ಜಾಝ್ ಬೆರೆಸಿದ ಕೊಂಕಣಿ ಹಾಡು ಮಾಡಿದಾಗ ನಮ್ಮ ಕಡೆ ಜನ ಅದನ್ನ ಪ್ಲೇಟು, ರೆಕಾರ್ಡು ಅಂತ್ಲೇ ಕೇಳಿದ್ದು, ದನಿಯಚ್ಚು ಅಂತ ಯಾರೂ ಅಂಗಡೀಲಿ ಕೇಳ್ಲಿಲ್ಲ. ಪಗಾರ, ಚಾವಿ, ಬಟಾಟೆ ಎಲ್ಲ ಪೋರ್ತುಗೀಸು, ಅದರಿಂದ ನಮ್ಮ ಕನ್ನಡ ಬಡವಾಗಿಲ್ಲ.

ಕುಮಟಾದಿಂದ:
ತದ್ಭವಕ್ಕೂ ತತ್ಸಮಕ್ಕೂ ವ್ಯತ್ಯಾಸ ಗೊತ್ತಿಲ್ಲದೆ ಚರ್ಚೆಗೆ ಬರ್ಬೇಡಿ. ಬಟಾಟೆ ಬೆಳೆ ಬಂತು, ಹೆಸರೂ ಜೊತೆಗೆ ಬಂತು. ಹಾಡು ನಮ್ಮಲ್ಲಿ ಇರ್ಲಿಲ್ವಾ?

ಸಿದ್ದಾಪುರದಿಂದ:
ತಂಗೀ, ಇವರಿಬ್ಬರ ಜಗಳ ಬಿಡು, ನಿನ್ನ ಪ್ರಶ್ನೆಗೆ ಯಕ್ಷಗಾನದಲ್ಲೇ ಉತ್ತರ ಇದೆ. ಪ್ರಸಂಗ ಬರೆದವ ಪದ ಬರೀತಾನೆ, ಪ್ರತಿ ಪದದ ಮೇಲೆ ರಾಗ ತಾಳ ಇಂಥದ್ದೇ ಅಂತ ಸೂಚಿಸ್ತಾನೆ, ಅದು ಕವಿಯ ಕೆಲಸ, ಆಮೇಲೆ ಅದೇ ಪದವನ್ನ ಕಡತೋಕ ಮಂಜುನಾಥ ಭಾಗವತರು ಹೇಳಿದ್ದು ಬೇರೆ, ನೆಬ್ಬೂರು ನಾರಾಯಣ ಭಾಗವತರು ಹೇಳಿದ್ದು ಬೇರೆ, ಕೇಳಿದವರಿಗೆ ಗೊತ್ತು, ನೆಬ್ಬೂರರು ಹೇಳಿದ ಪದ ಅಂತೇವೆಯೇ ಹೊರತು ನೆಬ್ಬೂರರ ಪದ ಅನ್ನೋದಿಲ್ಲ. ಬರೆದದ್ದಕ್ಕೆ ‘ವರ್ಷದ ಪದ’, ಹಾಡಿದ್ದಕ್ಕೆ ‘ವರ್ಷದ ಹಾಡಿಕೆ’.

ಕಾರವಾರದಿಂದ:
‘ವರ್ಷದ ಪದ’ ಅಂದ್ರೆ ನಿಘಂಟಿನವರು ಪ್ರತಿ ವರ್ಷ ಆರಿಸ್ತಾರಲ್ಲ ಅದು ಅನ್ಕೋತಾರೆ. ‘ಗೀತರಚನೆ’ ಹಾಕಿ.

ಶಿರಸಿಯಿಂದ:
ಗೀತರಚನೆ ಆಗೋದಿಲ್ಲ ಅಣ್ಣ. ಸಿನಿಮಾ ಟೈಟಲ್ ಕಾರ್ಡಲ್ಲಿ ಗೀತರಚನೆ ಒಬ್ಬರು ಸಂಗೀತ ಇನ್ನೊಬ್ಬರು ಅಂತಿರ್ತದೆ, ಓದಿದವರು ಸಾಹಿತ್ಯ ಮಾತ್ರ ಅಂತ ತಿಳ್ಕೋತಾರೆ. ಹ್ಯಾರಿಸ್ ಮಾತೂ ಧಾಟಿಯೂ ಎರಡೂ ಮಾಡಿದವ, 1999ರಲ್ಲೇ ತನ್ನ ತಂಡದ ಆಲ್ಬಮ್ಮಲ್ಲಿ ತಾನೇ ಹಾಡಿದ್ದ. ನೋರಾದ್ದು ಬಂದಿದ್ದು 2002ರಲ್ಲಿ, ಅವಳ ಜೊತೆ ಗಿಟಾರ್ ಹಿಡಿದು ಕೂತಿದ್ದೂ ಅವನೇ. ಅದರ ಮೂಲ ಡೆಮೋ, ಅಂದ್ರೆ ಮಾದರಿಗೆ ಅಂತ ಮಾಡಿದ ರೆಕಾರ್ಡಿಂಗು. ಮರ್ದಿನ್ ದೊಡ್ಡ ದೊಡ್ಡವರ ರೆಕಾರ್ಡ್ ಮಾಡಿಸಿದ ಮನುಷ್ಯ, ಆದ್ರೂ ಇದನ್ನ ಹೆಚ್ಚು ಮುಟ್ಟದೆ ಹಾಗೇ ಉಳಿಸಿದ್ರು. ಅಮೆರಿಕದ ಜನಪ್ರಿಯ ಹಾಡುಗಳ ಪಟ್ಟಿ ಬಿಲ್‌ಬೋರ್ಡ್ ಹಾಟ್ 100ರಲ್ಲಿ 30ನೇ ಸ್ಥಾನಕ್ಕಿಂತ ಮೇಲೆ ಹೋಗ್ಲಿಲ್ಲ, ಆದ್ರೂ ‘ರೆಕಾರ್ಡ್ ಆಫ್ ದಿ ಇಯರ್’ ಬಂತು. ಅಂದ್ರೆ ಆ ಪ್ರಶಸ್ತಿ ಆ ರೆಕಾರ್ಡಿಂಗಿಗೇ, ಪಿಯಾನೋ ಗಿಟಾರ್ ಮೆತ್ತಗೆ ಕೂತ ಆ ಒಂದು ಹಾಡಿಕೆಗೇ. ಅದಕ್ಕೇ ನಂಗೆ ಎರಡು ಪದ ಬೇಕೇ ಬೇಕು.

ಸಿದ್ದಾಪುರದಿಂದ:
ಹಾಗಾದ್ರೆ ‘ಕಟ್ಟಿದ್ದು’ ಅನ್ನು. ಹಾಡು ಕಟ್ಟೋದು ಅಂದ್ರೆ ಮಾತೂ ಬಂತು ಧಾಟಿಯೂ ಬಂತು.

ಕುಮಟಾದಿಂದ:
ಇದು ಸರಿ. ಕಟ್ಟು ಅಚ್ಚಗನ್ನಡ. ಆದ್ರೆ ಹಾಡಿಕೆ ಅಂದ್ರೆ ಹಾಡೋ ಕ್ರಿಯೆ, ರೆಕಾರ್ಡು ಒಂದು ವಸ್ತು. ದನಿಯಚ್ಚು ಬಿಟ್ರೆ ಗತಿ ಇಲ್ಲ.

ಶಿರಸಿಯಿಂದ:
ದನಿಯಚ್ಚು ಅಂದ್ರೆ ನಮ್ಮ ಕಾರ್ಯಕ್ರಮಕ್ಕೆ ಬರೋ ಹಿರಿಯರಿಗೂ ತಿಳಿಯೋದಿಲ್ಲ, ಕಾಲೇಜು ಹುಡುಗರಿಗೂ ತಿಳಿಯೋದಿಲ್ಲ. ಧ್ವನಿಮುದ್ರಿಕೆ ಇಬ್ಬರಿಗೂ ಗೊತ್ತು. ಹೀಗೆ ಬರೀತೇನೆ: ‘ಹಾಡು ಕಟ್ಟಿದ ಜೆಸ್ಸಿ ಹ್ಯಾರಿಸ್‌ಗೆ ವರ್ಷದ ಹಾಡು ಪ್ರಶಸ್ತಿ, ಹಾಡಿ ಮುದ್ರಿಸಿದ ನೋರಾ ಜೋನ್ಸ್ ಮತ್ತು ತಂಡಕ್ಕೆ ವರ್ಷದ ಧ್ವನಿಮುದ್ರಿಕೆ ಪ್ರಶಸ್ತಿ.’ ಸಿಂಗಲ್‌ಗೆ ಬಿಡಿಹಾಡು ಹಾಕ್ತೇನೆ, ಅದು ನಂಗೂ ಇಷ್ಟ ಆಯ್ತು.

ಕುಮಟಾದಿಂದ:
ಬಿಡಿಹಾಡು ಹಾಕಿದ್ದು ಒಳ್ಳೇದು. ಧ್ವನಿಮುದ್ರಿಕೆಗೆ ನನ್ನ ಒಪ್ಪಿಗೆ ಇಲ್ಲ, ಅದನ್ನ ಬೇರೆ ಎಳೆಯಲ್ಲಿ ಬರೀತೇನೆ.