ಅಪ್‌ಡೇಟ್: ಅಪ್ಪನ ಬಂದೂಕು ರಿಪೇರಿಗೆ ಪಾರ್ಸೆಲ್ ಮಾಡಬಹುದಾ ಅಂತ ಕೇಳಿದ್ದೆ

ಕೊಪ್ಪಳದಿಂದ ಬರೆದಿದ್ದೆ, ನೆನಪಿರಬಹುದು. ಹಂದಿ ಕಾಟಕ್ಕೆ ಅಂತ ಬೆಳೆ ಕಾಯಲು ಅಪ್ಪ ಲೈಸೆನ್ಸ್ ತಗೊಂಡಿದ್ದ ಜೋಡಿ ನಳಿಗೆ ಬಂದೂಕು. ಅದರ ಕುದುರೆ, ಅಂದ್ರೆ ಟ್ರಿಗರ್, ಸಡಿಲ ಆಗಿತ್ತು, ರಿಪೇರಿಯವರು ಇರೋದು ಬೆಂಗಳೂರಲ್ಲಿ. ಕೊರಿಯರ್ ಅಂಗಡಿ ಹುಡುಗ "ಪಂಪ್‌ಸೆಟ್ ಸಾಮಾನು ಅಂತ ಬರೀರಿ ಅಣ್ಣಾ, ಯಾರು ಬಿಚ್ಚಿ ನೋಡ್ತಾರ" ಅಂದಿದ್ದ.

ಹಾಗೆ ಮಾಡಲಿಲ್ಲ. ನಿಜ ಹೇಳ್ತೀನಿ, ಮನಸ್ಸು ಅರ್ಧ ಆ ಕಡೆ ವಾಲಿತ್ತು. ಇನ್ನೊಂದು ಕೊರಿಯರ್‌ನಲ್ಲಿ ಇದ್ದದ್ದು ಇದ್ದಂಗೆ ಹೇಳಿದೆ. ಬಂದೂಕು ಅಂದಕೂಡಲೇ ಫಾರ್ಮ್ ವಾಪಸ್ ಎಳ್ಕೊಂಡ್ರು.

ಆಮೇಲೆ ಠಾಣೆಗೆ ಹೋಗಿ ಕೇಳಿದೆ. ದಾರಿ ಕಾನೂನಿನಲ್ಲೇ ಇತ್ತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೇ ಸೆಕ್ಷನ್ ಪ್ರಕಾರ, ಲೈಸೆನ್ಸ್ ಇದ್ದವರು ಜೊತೆಗಿದ್ದರೆ ಅಥವಾ ಬರೆದುಕೊಟ್ಟರೆ, ಲೈಸೆನ್ಸ್ ಇಲ್ಲದವರೂ ರಿಪೇರಿಗೆ ಒಯ್ಯಬಹುದು. ಅಪ್ಪಗೆ ಮಂಡಿ ನೋವು, ಅಷ್ಟು ದೂರ ಕೂರೋಕಾಗಲ್ಲ. ಬಿಳಿ ಹಾಳೆ ಮೇಲೆ ಬಂದೂಕಿನ ನಂಬರ್, ನನ್ನ ಹೆಸರು, ಯಾತಕ್ಕೆ, ಎಲ್ಲಿಗೆ ಅಂತ ಬರೆದು ಸಹಿ ಹಾಕಿದ್ರು. ತೋಟಾ ಒಂದೂ ಒಯ್ಯಲಿಲ್ಲ. ಹೊಸಪೇಟೆ, ಚಿತ್ರದುರ್ಗ ದಾಟಿ ಕಾರಲ್ಲೇ ಹೋದೆ.

ರಿಪೇರಿಯವರು ಬಂದೂಕು ಮುಟ್ಟಲೇ ಇಲ್ಲ ಮೊದಲು. ಕನ್ನಡಕ ಏರಿಸಿ ಲೈಸೆನ್ಸ್ ಪುಸ್ತಕ ತೆಗೆದು, ನಳಿಗೆ ಮೇಲಿನ ನಂಬರನ್ನ ಬೆರಳಿಟ್ಟು ಒಂದೊಂದೇ ಅಂಕಿ ತಾಳೆ ನೋಡಿದ್ರು. ಪಾರ್ಸೆಲ್‌ನಲ್ಲಿ ಬಂದಿದ್ರೆ ಬಿಚ್ಚದೇ ಠಾಣೆಗೆ ಫೋನ್ ಮಾಡ್ತಿದ್ದೆ ಅಂದ್ರು ನಗ್ತಾ.

ಈಗ ಬಂದೂಕು ಮನೆಗೆ ಬಂದಿದೆ. ಡೀಸೆಲ್ ಖರ್ಚು ರಿಪೇರಿಗಿಂತ ಜಾಸ್ತಿ ಆಯ್ತು ಅಂತ ಅಪ್ಪ ಇನ್ನೂ ಗೊಣಗ್ತಿದ್ದಾರೆ.