ಮಣಿಕಟ್ಟು ಮುರಿದ ಮೇಲೆ ರಿವಾಲ್ವರ್ ಹಿಡಿತಕ್ಕೆ ಬರುತ್ತಿಲ್ಲ, ಪಿಸ್ತೂಲಿಗೆ ಬದಲಾಯಿಸಲೇ?

ಚನ್ನಗಿರಿ ತೋಟದವ:
ಎಲ್ಲರಿಗೂ ನಮಸ್ಕಾರ. ಅಡಿಕೆ ವಹಿವಾಟಿನ ನಗದು ಓಡಾಡುವುದರಿಂದ ಹನ್ನೊಂದು ವರ್ಷಗಳಿಂದ ಪರವಾನಗಿಯ ಮೇಲೆ ಪಾಯಿಂಟ್ 32 ರಿವಾಲ್ವರ್ ಇಟ್ಟುಕೊಂಡಿದ್ದೇನೆ. ಕಾನ್ಪುರದ್ದು, ನಡುವೆ ಮಡಚಿ ಗುಂಡು ತುಂಬುವ ಮಾದರಿ. ಮಳೆಯಲ್ಲಿ ಬೈಕ್ ಜಾರಿ ಬಲ ಮಣಿಕಟ್ಟಿನ ಮೂಳೆ ಮುರಿಯಿತು. ಪ್ಲಾಸ್ಟರ್ ತೆಗೆದು ಐದು ವಾರವಾಗಿದೆ. ಬೆಣ್ಣೆ ದೋಸೆ ಮುರಿಯಲು ಅಡ್ಡಿಯಿಲ್ಲ, ತುಂಬಿದ ಕೊಡ ಎತ್ತಲಾಗದು. ಖಾಲಿ ರಿವಾಲ್ವರ್ ಹಿಡಿದು ಟ್ರಿಗರ್ ಎಳೆದರೆ ನಳಿಗೆ ಕೆಳಗೆ ಎಡಕ್ಕೆ ವಾಲುತ್ತದೆ. ಅಶನಿ ಎಂಬ ಪಿಸ್ತೂಲು ಕೊಳ್ಳುವುದೋ, 500 ಗ್ರಾಂ ತೂಕದ ನಿರ್ಭೀಕ್ ಎಂಬ ಹಗುರ ರಿವಾಲ್ವರ್ ಸಾಕೋ?

ನಿವೃತ್ತ ಹವಾಲ್ದಾರ, ಚಿತ್ರದುರ್ಗ:
ಯಜಮಾನರೇ, ಕೊಳ್ಳುವ ಮಾತು ಆಮೇಲೆ. ನೋವು ಯಾವಾಗ ಬರುತ್ತದೆ? ಟ್ರಿಗರ್ ಎಳೆಯುವಾಗಲೋ, ಹೆಬ್ಬೆರಳಿನಿಂದ ಚಿಲಕ ಒತ್ತಿ ನಳಿಗೆ ಮಡಚುವಾಗಲೋ, ಸುಮ್ಮನೆ ಕೈ ಚಾಚಿ ಹಿಡಿದಾಗಲೋ?

ಚನ್ನಗಿರಿ ತೋಟದವ:
ಚಿಲಕ ಒತ್ತುವಾಗ ಚುಚ್ಚುತ್ತದೆ. ಚಾಚಿ ಹಿಡಿದರೆ ನೋವಿಲ್ಲ, ಆದರೆ ಅರ್ಧ ನಿಮಿಷಕ್ಕೆ ನಡುಕ. ಹ್ಯಾಮರ್, ಅಂದರೆ ಗುಂಡು ಸಿಡಿಸುವ ಹಿಂಬದಿಯ ಸುತ್ತಿಗೆ, ಅದನ್ನು ಮೊದಲೇ ಎತ್ತಿಟ್ಟು ಟ್ರಿಗರ್ ಎಳೆದರೆ ವಾಲುವುದಿಲ್ಲ.

ನಿವೃತ್ತ ಹವಾಲ್ದಾರ, ಚಿತ್ರದುರ್ಗ:
ಹಾಗಾದರೆ ರಿವಾಲ್ವರಿನಲ್ಲಿ ದೋಷವಿಲ್ಲ. ಹ್ಯಾಮರ್ ಎತ್ತದೆ ಎಳೆದಾಗ ಒಂದೇ ಬೆರಳು ಹ್ಯಾಮರನ್ನೂ ಎತ್ತಬೇಕು, ಗುಂಡಿನ ಉರುಳೆಯನ್ನೂ ತಿರುಗಿಸಬೇಕು. ಆ ಭಾರಕ್ಕೆ ಇಡೀ ಅಂಗೈ ಹಿಂಡಿಕೊಳ್ಳುತ್ತದೆ, ಸೋತ ಮಣಿಕಟ್ಟು ಅದನ್ನು ತಡೆಯಲಾರದೆ ಬಾಗುತ್ತದೆ. ಹಾಗೆಂದು ಹ್ಯಾಮರ್ ಎತ್ತಿಟ್ಟುಕೊಂಡು ಓಡಾಡುವ ಯೋಚನೆ ಕನಸಿನಲ್ಲೂ ಬೇಡ.

ಅಶನಿಯೂ ಪಾಯಿಂಟ್ 32 ಬೋರಿನದೇ, ಆದರೆ ಅದರ ಗುಂಡು ಬೇರೆ, ನಿಮ್ಮಲ್ಲಿರುವುದು ಅದಕ್ಕೆ ಕೂರುವುದಿಲ್ಲ. ಅದರಲ್ಲಿ ಸ್ಲೈಡನ್ನು, ಅಂದರೆ ಪ್ರತಿ ಗುಂಡಿಗೂ ಹಿಂದೆ ಮುಂದೆ ಸರಿಯುವ ಮೇಲ್ಭಾಗವನ್ನು, ಮುಚ್ಚಿ ಹಿಡಿಯುವುದು ಅದರ ತೂಕ ಮತ್ತು ಸ್ಪ್ರಿಂಗ್ ಮಾತ್ರ, ಆದ್ದರಿಂದ ಸ್ಪ್ರಿಂಗ್ ಬಿಗಿ. ಹಿಂದಕ್ಕೆ ಎಳೆಯಲು ಎರಡೂ ಕೈಗಳಲ್ಲಿ ಬಲ ಬೇಕು. ಮಣಿಕಟ್ಟು ಸಡಿಲವಾಗಿ, ಗುಂಡು ಹಾರಿದಾಗಿನ ಒದೆತದೊಂದಿಗೆ ಹಿಂದಕ್ಕೆ ಹೋದರೆ ಸ್ಲೈಡ್ ಪೂರ್ತಿ ಸರಿಯದೆ ಹಾರಿದ ಗುಂಡಿನ ಖಾಲಿ ಕವಚ ಹೊರಬೀಳುವ ಕಿಂಡಿಯಲ್ಲೇ ಸಿಕ್ಕಿಕೊಳ್ಳಬಹುದು. ಅದನ್ನು ಬಿಡಿಸುವುದಕ್ಕೂ ಅದೇ ಕೈ! ನಿರ್ಭೀಕ್ ಸೊಂಟಕ್ಕೆ ಹಗುರ, ಆದರೆ ಅದೇ ಗುಂಡಿಗೆ ಆಯುಧ ಹಗುರವಾದಷ್ಟೂ ಒದೆತ ಜೋರು. ವಾಸಿಯಾಗುತ್ತಿರುವ ಮೂಳೆಗೆ ಎರಡೂ ಸಲ್ಲ.

ಎಡಗೈ ಶೂಟರ್, ದಾವಣಗೆರೆ:
ಎಡಗೈ ಅಭ್ಯಾಸ ಮಾಡಿಕೊಳ್ಳಿ ಸರ್. ಡಮ್ಮಿ ಗುಂಡು ಹಾಕಿ ದಿನಕ್ಕೆ ಹತ್ತು ನಿಮಿಷ, ಅಸಲಿ ಗುಂಡು ಬೇರೆ ಕೋಣೆಯಲ್ಲಿರಲಿ. ಹೋಲ್‌ಸ್ಟರ್, ಅಂದರೆ ಸೊಂಟಕ್ಕೆ ಕಟ್ಟುವ ಆಯುಧದ ಚೀಲ ಕೂಡ ಎಡಗೈಯದೇ ಬೇಕು. ಬಲಗೈಯದನ್ನು ಎಡಕ್ಕೆ ಕಟ್ಟಿದರೆ ಹೊರತೆಗೆಯುವಾಗ ನಳಿಗೆ ನಿಮ್ಮ ಹೊಟ್ಟೆಯನ್ನೇ ಸವರಿಕೊಂಡು ಬರುತ್ತದೆ.

ಫಿಸಿಯೋ ಕೆಲಸದವಳು:
ಅಭ್ಯಾಸ ಎಡಗೈಯಲ್ಲೇ ಇರಲಿ ಅಣ್ಣ. ಪ್ಲಾಸ್ಟರ್ ತೆಗೆದ ಕೂಡಲೇ ಮುಷ್ಟಿಯ ಬಲ ಬರುವುದಿಲ್ಲ, ತಿಂಗಳುಗಳೇ ಬೇಕು. ಹೆಬ್ಬೆರಳಿನ ಬುಡದಲ್ಲಿ ಚುಚ್ಚುವುದನ್ನು ಮೂಳೆ ವೈದ್ಯರಿಗೆ ತೋರಿಸಿ, ಅಲ್ಲಿನ ಸ್ನಾಯುರಜ್ಜು ಊದಿಕೊಂಡಿರಬಹುದು. ಅವರು ಒಪ್ಪಿದ ಮೇಲೆ ಮೆತ್ತನೆಯ ಚೆಂಡು ಹಿಂಡುವುದರಿಂದ ಶುರು ಮಾಡಿ.

ನಿವೃತ್ತ ಹವಾಲ್ದಾರ, ಚಿತ್ರದುರ್ಗ:
ತಂಗಿ ಹೇಳಿದ್ದು ಸರಿ. ಎಡಗೈ ಮಾತಿಗೆ ನನ್ನ ಅರ್ಧ ಒಪ್ಪಿಗೆ ಮಾತ್ರ. ಮನೆಯಲ್ಲಿ ಕಲಿಯಿರಿ, ಪೇಟೆಗೆ ಕಟ್ಟಿಕೊಂಡು ಹೋಗಬೇಡಿ. 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ ಸಾರ್ವಜನಿಕ ಸ್ಥಳದಲ್ಲಿ ಆಯುಧ ಹೋಲ್‌ಸ್ಟರಿನಲ್ಲಿದ್ದರೆ ಸಾಲದು, ಒಯ್ಯುವವನ ಹತೋಟಿಯಲ್ಲೂ ಇರಬೇಕು. ಬೇರೆಯವನು ಕಿತ್ತುಕೊಂಡರೆ ತಡೆಯುವ ಬಲ ಇನ್ನೂ ಪಳಗದ ಎಡಗೈಗೆ ಇದೆಯೇ, ನೀವೇ ಹೇಳಿ. ಕೈ ವಾಸಿಯಾಗುವವರೆಗೆ ರಿವಾಲ್ವರನ್ನು ಪರವಾನಗಿ ಇರುವ ಆಯುಧ ವ್ಯಾಪಾರಿಯಲ್ಲಿ ಠೇವಣಿ ಇಡಿ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ ಅಭ್ಯಾಸವಿದೆಯಲ್ಲ, ಹಾಗೆಯೇ ಅಂದುಕೊಳ್ಳಿ. 2019ರ ತಿದ್ದುಪಡಿಯ ನಂತರ ಒಬ್ಬರಿಗೆ ಎರಡೇ ಆಯುಧ. ನಾಲ್ಕು ತಿಂಗಳ ನೋವಿಗಾಗಿ ಆ ಎರಡನೆಯ ಜಾಗ ತುಂಬಿಸುವುದೇಕೆ?

ಚನ್ನಗಿರಿ ತೋಟದವ:
ಠೇವಣಿ ಇಟ್ಟು ಬಂದೆ. ಹೆಬ್ಬೆರಳಿನದು ಸ್ನಾಯುರಜ್ಜಿನ ಊತವೇ ಎಂದರು ವೈದ್ಯರು, ಪಟ್ಟಿ ಕಟ್ಟಿದ್ದಾರೆ. ಈ ಸಲದ ಹಣ ಬ್ಯಾಂಕ್ ಖಾತೆಗೇ ಹಾಕಿ ಎಂದು ಅಡಿಕೆ ಮಂಡಿಯಲ್ಲಿ ಹೇಳಿದ್ದೇನೆ.

ನಿವೃತ್ತ ಹವಾಲ್ದಾರ, ಚಿತ್ರದುರ್ಗ:
ರಸೀದಿಯಲ್ಲಿ ರಿವಾಲ್ವರಿನ ನಂಬರಿನ ಜೊತೆಗೆ ಎಷ್ಟು ಗುಂಡು ಕೊಟ್ಟಿರಿ ಎಂಬುದನ್ನೂ ಬರೆಸಿದ್ದೀರಾ?

ಚನ್ನಗಿರಿ ತೋಟದವ:
ಇಲ್ಲ. ನಾಳೆ ಬೆಳಿಗ್ಗೆಯೇ ಹೋಗುತ್ತೇನೆ.