ನಿಜಾಮರ ಕಾಲದ ‘ಹಾಲಿ’ ರೂಪಾಯಿ ನೋಟಿಗೆ ಇಸ್ತ್ರಿ ಹಾಕಿಬಿಟ್ಟೆ, ಕೆಟ್ಟಿತೇ?

ಸುರಪುರದ ಮಾಸ್ತರ:
ನಾನು ಮೂವತ್ತೆರಡು ವರ್ಷ ಇತಿಹಾಸ ಪಾಠ ಮಾಡಿದವನು. ಆದರೂ ಮಾಡಬಾರದ ಕೆಲಸ ಮಾಡಿದ್ದೇನೆ ಎಂದು ಮಗಳು ಬೈಯುತ್ತಿದ್ದಾಳೆ, ನೀವೇ ತೀರ್ಪು ಹೇಳಿ.

ನಮ್ಮ ಅಜ್ಜ ಸುರಪುರದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದರು. ಹೋದ ತಿಂಗಳು ಅಟ್ಟ ತೆರವು ಮಾಡುವಾಗ ಅವರ ಕೀರ್ದಿ, ಅಂದರೆ ದಿನದ ಲೆಕ್ಕದ ಪುಸ್ತಕ ಸಿಕ್ಕಿತು. ಕೆಂಪು ಬಟ್ಟೆಯ ರಟ್ಟು, ಒಂದು ಮೂಲೆ ಗೆದ್ದಲಿನ ಪಾಲು. ಅದರೊಳಗೆ ನಿಜಾಮ ಸರ್ಕಾರದ ಹತ್ತು ರೂಪಾಯಿಯ ಮೂರು ನೋಟುಗಳು, ನಾಲ್ಕು ಮಡಿಕೆಯಾಗಿ. ಮೊದಲನೆಯದಕ್ಕೆ ನೀರು ಚಿಮುಕಿಸಿ, ಮೇಲೆ ಹಳೆಯ ಧೋತರದ ತುಂಡು ಹಾಸಿ ಇಸ್ತ್ರಿ ತಿಕ್ಕಿದೆ. ಮದುವೆಗೆ ಹೊರಟ ಅಂಗಿಯ ಹಾಗೆ ನೆಟ್ಟಗಾಯಿತು. ಎರಡನೆಯದು ಮಡಿಕೆಯಲ್ಲಿ ಹರಿದಿತ್ತು, ಹಿಂದಿನಿಂದ ಸೆಲೋಟೇಪ್ ಹಚ್ಚಿದೆ. ಮೂರನೆಯದನ್ನು ಮಗಳು ಕೈಯಿಂದ ಕಿತ್ತುಕೊಂಡಳು.

ಮೂರು ಸಂಶಯಗಳಿವೆ. ಉರ್ದು ಬಲ್ಲ ನೆರೆಯ ಹಿರಿಯರು ಇಸವಿ ಓದಿ 133 ಎಂದರು, ಕೊನೆಯ ಅಂಕಿ ಮಡಿಕೆಯಲ್ಲಿ ಅಳಿಸಿದೆ. 1330ರ ದಶಕವೆಂದರೆ ತುಘಲಕನ ಕಾಲ. ಅವನ ಹಿತ್ತಾಳೆ ನಾಣ್ಯದ ಪಾಠ ಮಾಡಿದ್ದೇನೆ, ಕಾಗದದ ನೋಟಿನದಲ್ಲ. ಇನ್ನೊಂದು, ಕೀರ್ದಿಯಲ್ಲಿ ಪುಟ ಬಿಟ್ಟು ಪುಟಕ್ಕೆ 116-10-8 ಎಂಬ ಒಂದೇ ಮೊತ್ತ ಬರುತ್ತದೆ. ಪ್ರತಿ ಸಲವೂ ಅಷ್ಟೇ ಬೆಲೆಯ ಬಟ್ಟೆ ಯಾವುದು? ಕೊನೆಯದಾಗಿ, ಟ್ರ್ಯಾಕ್ಟರ್ ಚಿತ್ರದ ನನ್ನ ಐದು ರೂಪಾಯಿ ನೋಟಿಗೆ ಐದು ಲಕ್ಷ ಕೊಡುತ್ತೇವೆಂದು ಫೋನ್ ಬಂದಿದೆ. ಮೊದಲು ನೋಂದಣಿ ಶುಲ್ಕ 2,500 ಕಟ್ಟಬೇಕಂತೆ. ರಿಸರ್ವ್ ಬ್ಯಾಂಕಿನ ಮುದ್ರೆಯಿರುವ ಕಾಗದವನ್ನೂ ಮೊಬೈಲಿಗೆ ಕಳಿಸಿದ್ದಾರೆ.

ಮಾಜಿ ಕ್ಯಾಷಿಯರ್, ಧಾರವಾಡ:
ಮಾಸ್ತರರೇ, ಫೋನಿನ ವಿಷಯ ಮೊದಲು. ಒಂದು ಪೈಸೆಯನ್ನೂ ಕಟ್ಟಬೇಡಿ. ಹಳೆಯ ನೋಟು ಕೊಳ್ಳುವ, ಮಾರುವ ವ್ಯವಹಾರ ತನ್ನದಲ್ಲ, ಅದಕ್ಕೆ ಯಾವ ಶುಲ್ಕವನ್ನೂ ಕೇಳುವುದಿಲ್ಲ ಎಂದು ರಿಸರ್ವ್ ಬ್ಯಾಂಕ್ 2021ರ ಆಗಸ್ಟ್‌ನಲ್ಲಿಯೇ ಪ್ರಕಟಣೆ ಕೊಟ್ಟಿದೆ. ಆ ಟ್ರ್ಯಾಕ್ಟರ್ ನೋಟನ್ನು ಉಗುಳು ಹಚ್ಚಿ ಎಣಿಸಿ ಎಣಿಸಿ ನನ್ನ ಹೆಬ್ಬೆರಳು ಸವೆದಿದೆ. ಅದಕ್ಕೆ ಐದು ಲಕ್ಷವಾದರೆ ನಾನು ಈಗ ಧಾರವಾಡವನ್ನೇ ಕೊಳ್ಳಬೇಕಿತ್ತು.

ನೋಟಿನ ಇಸವಿ ಫಸಲಿ ಎಂಬ ವರ್ಷಗಣನೆಯದು. ನಿಜಾಮರ ಕಚೇರಿಯ ಲೆಕ್ಕವೆಲ್ಲ ಅದರಲ್ಲೇ ನಡೆಯುತ್ತಿತ್ತು. 590 ಕೂಡಿಸಿ, ಹೆಚ್ಚುಕಡಿಮೆ ಕ್ರಿಸ್ತಶಕ ಸಿಗುತ್ತದೆ. ಅಂದರೆ ನಿಮ್ಮದು 1920ರ ದಶಕದ್ದು. ಹೈದರಾಬಾದ್ ಸಂಸ್ಥಾನ ಸ್ವಂತ ನೋಟು ತಂದದ್ದೇ 1918ರ ಕಾಯ್ದೆಯ ನಂತರ. ಭೂತಗನ್ನಡಿ ಹಿಡಿದು ನೋಡಿ, ಉರ್ದು, ಇಂಗ್ಲಿಷ್, ತೆಲುಗು, ಮರಾಠಿಗಳ ಜತೆ ಮೌಲ್ಯ ಕನ್ನಡದಲ್ಲೂ ಇದೆ. ನನಗೆ ಈ ಹುಚ್ಚು ಹಿಡಿದದ್ದೇ ಆ ಕನ್ನಡ ಅಕ್ಷರಗಳಿಂದ.

ಇನ್ನು ನಿಮ್ಮ 116-10-8. ಅದನ್ನು ಓದಿ ಕುರ್ಚಿಯಿಂದ ಎದ್ದುಬಿಟ್ಟೆ! ಅದು ಬಟ್ಟೆಯ ಬೆಲೆಯಲ್ಲ, ವಟ್ಟದ ಲೆಕ್ಕ, ಅಂದರೆ ಒಂದು ರೂಪಾಯಿಯನ್ನು ಇನ್ನೊಂದಕ್ಕೆ ಬದಲಿಸುವ ದರ. ನಿಜಾಮರದು ಹಾಲಿ ರೂಪಾಯಿ, ಬ್ರಿಟಿಷರದು ಕಲ್ದಾರ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ. ನೂರು ಕಲ್ದಾರ ಬೇಕೆಂದರೆ 116 ರೂಪಾಯಿ 10 ಆಣೆ 8 ಪೈ ಹಾಲಿ ಎಣಿಸಬೇಕು. ನಿಮ್ಮ ಅಜ್ಜ ಬಟ್ಟೆ ತರುತ್ತಿದ್ದದ್ದು ಸೊಲ್ಲಾಪುರದಿಂದ ಇರಬೇಕು, ಅದು ಮುಂಬಯಿ ಪ್ರಾಂತ, ಅಲ್ಲಿ ಕಲ್ದಾರವೇ ನಡೆಯುತ್ತಿದ್ದದ್ದು. ಆ ಸಾಲಿನ ಎದುರು ಏನು ಬರೆದಿದೆ, ನೋಡಿ ಹೇಳಿ.

ಈಗ ಬೈಗುಳ. ಇಸ್ತ್ರಿ ಹಾಕಿದ ನೋಟು ಕೆಟ್ಟಿತು. ಮಡಿಕೆ ಹೋಗುವುದಿಲ್ಲ, ಅಡಗುತ್ತದೆ ಅಷ್ಟೇ. ಓರೆ ಬೆಳಕಿಗೆ ಹಿಡಿದರೆ ಗೆರೆ ಕಾಣುತ್ತದೆ. ಬೆರಳಿಗೆ ಸಿಗುತ್ತಿದ್ದ ಶಾಯಿಯ ಉಬ್ಬು ಮಾತ್ರ ಚಪ್ಪಟೆಯಾಗಿ, ಕಾಗದ ಸತ್ತ ಮೀನಿನ ಹಾಗೆ ಜೋತುಬೀಳುತ್ತದೆ. ಸಾಬೂನಿನ ಪುಡಿ ಹಾಕಲಿಲ್ಲವೆಂಬುದೇ ಸಮಾಧಾನ. ಅದನ್ನು ಹಾಕಿ ತೊಳೆದ ನೋಟು ನೇರಳಾತೀತ ದೀಪದ ಕೆಳಗೆ ನೀಲಿಯಾಗಿ ಹೊಳೆದು ಕಳ್ಳತನ ತಾನೇ ಹೇಳುತ್ತದೆ. ಟೇಪನ್ನು ಎಳೆಯಬೇಡಿ, ಶಾಯಿಯೂ ಜತೆಗೇ ಬರುತ್ತದೆ. ಹೊಸ ರೇನ್‌ಕೋಟಿನ ವಾಸನೆ ಬರುವ ಪಿವಿಸಿ ಆಲ್ಬಮ್ಮಿನಲ್ಲಿಯೂ ಇಡಬೇಡಿ, ಕೆಲವು ವರ್ಷಕ್ಕೆ ಅದು ಬೆವರಿ ನೋಟಿಗೆ ಅಂಟಿಕೊಳ್ಳುತ್ತದೆ. ಪಾಲಿಯೆಸ್ಟರ್ ಹಾಳೆಯ ತೆಳು ಚೀಲ ಸಿಗುತ್ತದೆ, ಅದೇ ಸರಿ.

ನೋಟು ಸಂಗ್ರಾಹಕ, ಬೆಂಗಳೂರು:
ಸರ್, ಬೆಲೆ ಕೇಳುವವರು ಬಂದೇ ಬರುತ್ತಾರೆ, ಅದಕ್ಕೆ ಒಂದು ಮಾತು. ಇದರಲ್ಲಿ ಹಳೆಯದು ಎಂಬುದಕ್ಕಿಂತ ಸ್ಥಿತಿ ದೊಡ್ಡದು. ಮಗಳು ಉಳಿಸಿದ ಆ ಮೂರನೆಯ ನೋಟೇ ನಿಮ್ಮ ಆಸ್ತಿ. ಫೋಟೋ ನೋಡಿ ದರ ಹೇಳುವವರನ್ನು ನಂಬಬೇಡಿ. ನಾಣ್ಯ ಪ್ರದರ್ಶನಕ್ಕೆ ಒಯ್ದು ಮೂರು ಮೇಜಿನಲ್ಲಿ ತೋರಿಸಿ, ಮೂರೂ ಬೇರೆ ಬೇರೆ ಹೇಳುತ್ತಾರೆ. ಆಗ ಅಂದಾಜು ಸಿಗುತ್ತದೆ.

ಕೆಳಗೆ ಸಹಿ ಇದೆಯೇ ನೋಡಿ. ಆಗ ಈ ನೋಟುಗಳು ಇಂಗ್ಲೆಂಡಿನಲ್ಲಿ ಅಚ್ಚಾಗಿ ಹಡಗಿನಲ್ಲಿ ಬರುತ್ತಿದ್ದವು. 1922ರ ಮೇ ತಿಂಗಳಲ್ಲಿ ‘ಈಜಿಪ್ಟ್’ ಎಂಬ ಹಡಗು ಫ್ರಾನ್ಸಿನ ಕರಾವಳಿಯ ಬಳಿ ಮುಳುಗಿತು. ಹತ್ತು ವರ್ಷದ ನಂತರ ಅದರ ಚಿನ್ನ ಎತ್ತಲು ಹೋದವರಿಗೆ ಸಹಿ ಬೀಳದ ಹೈದರಾಬಾದ್ ನೋಟುಗಳೂ ಸಿಕ್ಕವು. ಸಮುದ್ರದಲ್ಲಿ ನೆನೆದು ಬಂದ ಅವನ್ನು ಈಗಲೂ ಹುಡುಕಿಕೊಂಡು ಕೊಳ್ಳುವವರಿದ್ದಾರೆ.

ಅಂದಹಾಗೆ, 2016ರಲ್ಲಿ ರದ್ದಾದ 500, 1000ದ ನೋಟು ಅಟ್ಟದಲ್ಲಿದ್ದರೆ ಎಣಿಸಿಡಿ. 2017ರ ಕಾಯ್ದೆಯಂತೆ ಸಾಮಾನ್ಯರು ಹತ್ತಕ್ಕಿಂತ ಹೆಚ್ಚು, ಅಧ್ಯಯನ ಅಥವಾ ಸಂಗ್ರಹಕ್ಕಾದರೆ 25ಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ನಿಜಾಮರ ಹಾಲಿ ನೋಟಿಗೆ ಆ ಭಯವಿಲ್ಲ.

ಸುರಪುರದ ಮಾಸ್ತರ:
ಇಬ್ಬರಿಗೂ ಶರಣು. ಮೂರಕ್ಕೂ ಉರ್ದುವಿನಲ್ಲಿ ಸಹಿ ಇದೆ, ಹಾಗಾಗಿ ನಮ್ಮವು ಮುಳುಗದೆ ಬಂದವು. ಕೀರ್ದಿ ತೆಗೆದು ನೋಡಿದೆ. 116-10-8ರ ಎದುರು ಅಜ್ಜನ ಕೈಬರಹ, ಮೋಡಿ ಎಂಬ ಹಳೆಯ ಲಿಪಿಯಲ್ಲಿ. ಹಳೆಯ ದಸ್ತಾವೇಜು ಓದುವ ಗೆಳೆಯರ ಮನೆಗೆ ಒಯ್ದೆ. ‘ಸೊಲ್ಲಾಪುರ, ಕಲ್ದಾರ 100, ಸೀರೆ’ ಎಂದು ಓದಿದರು. ಒಂದು ಪುಟದಲ್ಲಿ ಮಾತ್ರ 117 ಎಂದು ಬರೆದು, ಪಕ್ಕದಲ್ಲಿ ‘ಸರಾಫ 5-4 ಹೆಚ್ಚು ಹಿಡಿದ’ ಎಂದು ನಾಣ್ಯ ಬದಲಿಸಿಕೊಟ್ಟವನ ಮೇಲೆ ಗೊಣಗಿದ್ದಾರೆ. ಐದಾಣೆ ನಾಲ್ಕು ಪೈಗೆ! ನನ್ನಜ್ಜನೇ ಸರಿ.

ಆ ಗೆಳೆಯರು ನೋಟು ಬೇರೆ, ಕೀರ್ದಿ ಬೇರೆ ಎಂದು ಅಗಲಿಸಬೇಡಿ ಎಂದರು. ಮೂರನ್ನೂ ಚೀಲದಲ್ಲಿಟ್ಟು ಅದೇ ಪೆಟ್ಟಿಗೆಗೆ ಹಾಕಿದ್ದೇನೆ, ಕೀಲಿಕೈ ಮಗಳ ಬಳಿ ಇದೆ.

ಐದು ಲಕ್ಷದವರು ನಿನ್ನೆ ಮತ್ತೆ ಫೋನ್ ಮಾಡಿದರು. ಶುಲ್ಕ ಸಿದ್ಧವಾಗಿದೆ, ಆದರೆ ಹಾಲಿಯಲ್ಲಿ ಕೊಡುತ್ತೇನೆ, ವಟ್ಟ ಮುರಿದುಕೊಂಡು ಹೋಗಿ ಎಂದೆ. ಹಾಲಿ ಎಂದರೇನು ಎಂದು ಕೇಳಿದರು. ಅರ್ಧ ಗಂಟೆ ಪಾಠ ಮಾಡಬೇಕೆಂದು ಕುಳಿತೆ, ಫಸಲಿ ಇಸವಿಗೆ ಬರುವಷ್ಟರಲ್ಲಿ ಫೋನ್ ಇಟ್ಟುಬಿಟ್ಟರು.